ಕಿವಿಯ ಹಿಂದಿನ ಬಾವು: ಹುಡುಕಿದರಷ್ಟೇ ಸಿಗುವ ಸೂಕ್ಷ್ಮಾಣುಗಳ ಕಥೆ

ಎರಡು ವರ್ಷದ ಹಿಂದಿನ ಪುಣೆಯ ಮಳೆಗಾಲ. ನನ್ನ ಮಗಳಿಗೆ ಆಗ 16 ತಿಂಗಳು. ನೆಗಡಿ ಹಿಡಿದು ವಾರವಾಗಿತ್ತು. ಒಂದು ರಾತ್ರಿ ಪೂರ್ತಿ ಅತ್ತು, ಬೆಳಗಿನ ಜಾವ ಎಡಗಿವಿಯಿಂದ ಕೀವು ಸೋರಿದ ಮೇಲೆ ನಿದ್ದೆ ಹೋದಳು. ಮನೆಯ ಫ್ರಿಜ್ಜಿನಲ್ಲಿ ಹಿಂದಿನ ಸಲದ ಆಂಟಿಬಯಾಟಿಕ್ ಸಿರಪ್ ಅರ್ಧ ಬಾಟಲಿ ಉಳಿದಿತ್ತು. ಆಫೀಸಿನಲ್ಲಿ ರಿಲೀಸ್ ಇದ್ದ ವಾರ. ಡಾಕ್ಟರ ಬಳಿ ಶನಿವಾರ ಹೋದರಾಯಿತು ಎಂದು ಅದನ್ನೇ ಎರಡು ದಿನ ಕುಡಿಸಿದೆ.

ಮೂರನೆಯ ದಿನ ಸ್ನಾನ ಮಾಡಿಸಿ ತಲೆ ಒರೆಸುವಾಗ ನೋಡುತ್ತೇನೆ, ಕಿವಿಯ ಹಿಂದೆ ಕೆಂಪಗೆ ಊದಿಕೊಂಡಿದೆ. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಕಿವಿ ಮುಂದಕ್ಕೆ ಬಾಗಿದೆ. "ಮಂಗನಬಾವು ಇರಬೇಕಮ್ಮ, ಗಾಬರಿಯಾಗಬೇಡ" ಎಂದರು ಅತ್ತೆ. ಆದರೆ ಮಂಗನಬಾವಿನ ಊತ ಕಿವಿಯ ಮುಂದೆ, ಕೆಳಗೆ, ದವಡೆಯ ಕಡೆಗೆ ಬರುತ್ತದೆ. ಇದು ಹಿಂದಿತ್ತು. ಆಸ್ಪತ್ರೆಗೆ ಓಡಿದೆವು.

ಕಿವಿಯ ಕೀವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ದಿನದ ಮೇಲೆ ಬಂದ ವರದಿಯಲ್ಲಿ ಇದ್ದದ್ದು ಒಂದೇ ಸಾಲು: ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ. ನನಗೆ ಸಮಾಧಾನವಾಯಿತು. ಕಿವಿ ಮೂಗು ಗಂಟಲಿನ ಹಿರಿಯ ಡಾಕ್ಟರಮ್ಮನಿಗೆ ಆಗಲಿಲ್ಲ. "ಬೆಳೆದಿಲ್ಲ ಎಂದರೆ ಇಲ್ಲ ಎಂದಲ್ಲ. ನಾವು ಹುಡುಕಿದ ಜಾಗದಲ್ಲಿ, ಹುಡುಕಿದ ರೀತಿಯಲ್ಲಿ ಸಿಗಲಿಲ್ಲ ಎಂದು ಅರ್ಥ" ಎಂದರು. ಮೊದಲೇ ಆಂಟಿಬಯಾಟಿಕ್ ಕುಡಿಸಿದ್ದೀರಾ ಎಂದೂ ಕೇಳಿದರು. ತಲೆ ತಗ್ಗಿಸಿ ಹೌದೆಂದೆ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಈ ಮಾತು ಹೊಸದಾಗಬಾರದಿತ್ತು. ಲಾಗಿನಲ್ಲಿ ದೋಷ ಕಾಣಲಿಲ್ಲ ಎಂದ ಮಾತ್ರಕ್ಕೆ ಸಿಸ್ಟಂ ಸರಿಯಾಗಿದೆ ಎಂದು ನಾವು ಯಾರೂ ನಂಬುವುದಿಲ್ಲ. ಆ ದೋಷವನ್ನು ದಾಖಲಿಸುವ ವ್ಯವಸ್ಥೆ ಇತ್ತೇ ಎಂದು ಮೊದಲು ನೋಡುತ್ತೇವೆ. ಆಸ್ಪತ್ರೆಯಲ್ಲಿ ಕಳೆದ ರಾತ್ರಿಗಳಲ್ಲಿ, ಆಮೇಲೂ ಎಷ್ಟೋ ದಿನ, ಮಕ್ಕಳ ಕಿವಿಯ ಸೋಂಕಿನ ಇತಿಹಾಸವನ್ನು ಓದುತ್ತಾ ಹೋದೆ. 'ಅಪರೂಪದ ಸೂಕ್ಷ್ಮಾಣು' ಎಂದು ಪುಸ್ತಕಗಳು ಕರೆಯುವ ಹಲವು, ನಿಜಕ್ಕೂ ಅಪರೂಪವಾಗಿದ್ದವೋ ಅಥವಾ ನಾವು ಹುಡುಕುವುದೇ ಅಪರೂಪವಾಗಿತ್ತೋ ಎಂಬ ಪ್ರಶ್ನೆ ಆ ಇತಿಹಾಸದ ಉದ್ದಕ್ಕೂ ಎದುರಾಯಿತು.

ಜೇನುಗೂಡಿನಂಥ ಮೂಳೆ

ಕಿವಿಯ ಹಿಂದೆ ಬೆರಳಿಟ್ಟು ಒತ್ತಿದರೆ ಗಟ್ಟಿಯಾದ ಒಂದು ಉಬ್ಬು ಸಿಗುತ್ತದೆ. ಅದೇ ಮಾಸ್ಟಾಯ್ಡ್ ಮೂಳೆ. ಹೊರಗಿನಿಂದ ಗಟ್ಟಿ, ಒಳಗೆ ಜೇನುಗೂಡಿನ ಹಾಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳು. ಕಿವಿಯ ತಮಟೆಯ ಹಿಂದಿರುವ ಮಧ್ಯಕಿವಿಗೂ ಈ ಕೋಶಗಳಿಗೂ ಒಂದು ಕಿರಿದಾದ ದಾರಿ ಇದೆ. ಮಧ್ಯಕಿವಿಯಿಂದ ಗಂಟಲಿನ ಮೇಲ್ಭಾಗಕ್ಕೆ ಇನ್ನೊಂದು ನಳಿಕೆ, ಯುಸ್ಟೇಶಿಯನ್ ನಳಿಕೆ. ಪುಟ್ಟ ಮಕ್ಕಳಲ್ಲಿ ಈ ನಳಿಕೆ ಗಿಡ್ಡ, ಹೆಚ್ಚುಕಡಿಮೆ ಅಡ್ಡವಾಗಿಯೇ ಇರುತ್ತದೆ. ಹಾಗಾಗಿ ನೆಗಡಿಯಾದಾಗ ಗಂಟಲಿನ ಸೂಕ್ಷ್ಮಾಣುಗಳು ಸಲೀಸಾಗಿ ಕಿವಿಗೆ ಏರುತ್ತವೆ.

ಹೆಚ್ಚಿನ ಮಕ್ಕಳಲ್ಲಿ ಇದು ಕೆಲವು ದಿನದ ಕಿವಿನೋವಾಗಿ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಕೀವು ಹಿಂದಿನ ಮೂಳೆಗೆ ಹರಡಿ, ಆ ಜೇನುಗೂಡಿನ ಗೋಡೆಗಳನ್ನು ಕರಗಿಸತೊಡಗುತ್ತದೆ. ಇದೇ ಮಾಸ್ಟಾಯ್ಡೈಟಿಸ್. ಮೂಳೆಯ ಒಳಗೋಡೆಗೆ ತಾಗಿಕೊಂಡೇ ಮೆದುಳಿನ ರಕ್ತವನ್ನು ಕೆಳಗಿಳಿಸುವ ದೊಡ್ಡ ಅಭಿಧಮನಿ ಇದೆ, ಅದರಾಚೆ ಮೆದುಳು. ಭಯ ಇರುವುದು ಅಲ್ಲಿ.

ಹೆಸರಿಲ್ಲದ ಶತ್ರು

ಕಾಯಿಲೆ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 28 ಬಗೆಯ ಕರ್ಣರೋಗಗಳ ಪಟ್ಟಿ ಇದೆ. ಕರ್ಣಶೂಲ ಎಂದರೆ ಕಿವಿನೋವು, ಕರ್ಣಸ್ರಾವ ಎಂದರೆ ಸೋರುವ ಕಿವಿ, ಪೂತಿಕರ್ಣ ಎಂದರೆ ದುರ್ವಾಸನೆಯ ಕೀವು. ಸೋರುವುದನ್ನೂ ನಾರುವುದನ್ನೂ ಬೇರೆ ಬೇರೆ ಎಂದು ಆ ಕಾಲದಲ್ಲೇ ಗುರುತಿಸಿದ್ದು ಸಣ್ಣ ಮಾತಲ್ಲ. ಈ ದುರ್ವಾಸನೆಯ ವಿಷಯಕ್ಕೆ ಮುಂದೆ ಬರುತ್ತೇನೆ. ಗ್ರೀಸಿನ ಹಿಪೊಕ್ರೆಟಿಸ್ ಪರಂಪರೆಯ ವೈದ್ಯರೂ ಜೋರು ಜ್ವರದೊಂದಿಗೆ ಬರುವ ಕಿವಿನೋವಿಗೆ ಹೆದರುತ್ತಿದ್ದರು. ರೋಗಿ ಬಡಬಡಿಸತೊಡಗಿ ಸಾಯುವುದನ್ನು ಅವರು ಕಂಡಿದ್ದರು.

ಅರಮನೆಗಳೂ ಇದರಿಂದ ಪಾರಾಗಲಿಲ್ಲ. ಫ್ರಾನ್ಸಿನ ದೊರೆ ಎರಡನೆಯ ಫ್ರಾನ್ಸಿಸ್ 1560ರ ಡಿಸೆಂಬರ್ 5ರಂದು ತೀರಿಕೊಂಡದ್ದು ಕಿವಿಯ ಸೋಂಕು ಉಲ್ಬಣಿಸಿ. ಅವನಿಗೆ 16 ವರ್ಷ. ಹೆಂಡತಿ, ಸ್ಕಾಟ್ಲೆಂಡಿನ ರಾಣಿ ಮೇರಿ, 18 ತುಂಬಲು ಮೂರು ದಿನ ಇರುವಾಗ ವಿಧವೆಯಾಗಿ, ಮರುವರ್ಷ ಊರಿಗೆ ಮರಳಿದಳು. ಅಲ್ಲಿಂದ ಮುಂದಿನ ಅವಳ ದುರಂತ ಕಥೆ ಎಲ್ಲರಿಗೂ ಗೊತ್ತಿದೆ. ಒಂದು ಕಿವಿಯ ಕೀವು ಎರಡು ದೇಶಗಳ ಇತಿಹಾಸದಲ್ಲಿ ಕೈಯಾಡಿಸಿತ್ತು.

ಮೂಳೆ ಕೊರೆದು ಕೀವು ಹೊರತೆಗೆಯುವ ಧೈರ್ಯ ಬಂದದ್ದು 18ನೆಯ ಶತಮಾನದಲ್ಲಿ. ಪ್ಯಾರಿಸ್ಸಿನ ಶಸ್ತ್ರವೈದ್ಯ ಜಾನ್ ಲೂಯಿ ಪೆಟಿ 1736ರ ಸುಮಾರಿಗೆ ಇದನ್ನು ಯಶಸ್ವಿಯಾಗಿ ಮಾಡಿದ. ಆದರೆ 1791ರಲ್ಲಿ ಡೆನ್ಮಾರ್ಕಿನ ರಾಜವೈದ್ಯ ಬರ್ಗರ್, ಕೀವು ಇಲ್ಲದೆಯೇ, ಕಿವುಡು ಮತ್ತು ಕಿವಿಯ ಮೊರೆತ ಹೋಗಲಿ ಎಂದು ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಹೆದರಿಕೆಗೆ ವೈದ್ಯಲೋಕ ಹಲವು ದಶಕ ಮಾಸ್ಟಾಯ್ಡ್ ಮೂಳೆಯನ್ನು ಮುಟ್ಟಲಿಲ್ಲ. ಡಬ್ಲಿನ್ನಿನ ವಿಲಿಯಂ ವೈಲ್ಡ್ ಕಿವಿಯ ಹಿಂದೆ ಚರ್ಮವನ್ನು ಸೀಳಿ ಕೀವು ಹರಿಸುವ ಪದ್ಧತಿ ತಂದ. ಜರ್ಮನಿಯ ಹಾಲೆ ನಗರದ ಹರ್ಮನ್ ಶ್ವಾರ್ಟ್ಸ ತನ್ನ ಸಹಾಯಕ ಐಸೆಲ್ ಜೊತೆ 1873ರಲ್ಲಿ ಮೂಳೆ ಕೊರೆಯುವ ಕ್ರಮಬದ್ಧ ವಿಧಾನವನ್ನು ಪ್ರಕಟಿಸಿದ. ಇಂದಿನ ಮಾಸ್ಟಾಯ್ಡ್ ಶಸ್ತ್ರಚಿಕಿತ್ಸೆಯ ಬುನಾದಿ ಅದು. ವಿಪರ್ಯಾಸವೆಂದರೆ, ಕಿವಿಯ ವೈದ್ಯ ವಿಲಿಯಂ ವೈಲ್ಡನ ಮಗ, ಪ್ರಸಿದ್ಧ ಲೇಖಕ ಆಸ್ಕರ್ ವೈಲ್ಡ್, 1900ರಲ್ಲಿ ತೀರಿಕೊಂಡದ್ದು ಮೆದುಳಿನ ಪೊರೆಯ ಉರಿಯೂತದಿಂದ. ಅದಕ್ಕೆ ಮೊದಲು ಅವನ ಕಿವಿಗೆ ಶಸ್ತ್ರಚಿಕಿತ್ಸೆಯಾಗಿತ್ತು.

ಇಷ್ಟೂ ಕಾಲ ಕೀವು ತೆಗೆಯುವವರಿಗೆ ಕೀವಿನೊಳಗೆ ಯಾರಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಪಟ್ಟಿ ಬರೆದವರು

1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮತ್ತು ಅಮೆರಿಕದ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿ ಒಂದೇ ಸೂಕ್ಷ್ಮಾಣುವನ್ನು ಕಂಡರು. ಅದು ನ್ಯೂಮೊಕಾಕಸ್, ಇಂದಿಗೂ ಮಕ್ಕಳ ಕಿವಿ ಸೋಂಕಿನ ಮುಖ್ಯ ಆರೋಪಿ. 1892ರಲ್ಲಿ ರಿಚರ್ಡ್ ಫೈಫರ್ ಫ್ಲೂ ರೋಗಿಗಳಲ್ಲಿ ಇನ್ನೊಂದನ್ನು ಕಂಡು, ಫ್ಲೂಗೆ ಇದೇ ಕಾರಣ ಎಂದು ತಪ್ಪಾಗಿ ತಿಳಿದ. ಫ್ಲೂ ವೈರಸ್‌ನಿಂದ ಬರುತ್ತದೆ ಎಂದು ಆಮೇಲೆ ಗೊತ್ತಾದರೂ ಹೀಮೊಫಿಲಸ್ ಇನ್‌ಫ್ಲುಯೆಂಜೆ ಎಂಬ ಹೆಸರು ಹಾಗೇ ಉಳಿಯಿತು.

ಈ ಪಟ್ಟಿಯನ್ನು ಹಸನು ಮಾಡಿದವರಲ್ಲಿ ಹೆಣ್ಣುಮಕ್ಕಳಿದ್ದಾರೆ. ನಮ್ಮ ಸಂಚಿಕೆಯಲ್ಲಿ ಅವರ ಹೆಸರು ಬರಲೇಬೇಕು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ ಗೊಂದಲಮಯವಾಗಿದ್ದ ಸ್ಟ್ರೆಪ್ಟೊಕಾಕಸ್ ಬಳಗವನ್ನು 1933ರಲ್ಲಿ ಎ, ಬಿ, ಸಿ ಎಂದು ಗುಂಪುಗಳಾಗಿ ವಿಂಗಡಿಸಿದರು. ಗಂಟಲು, ಕಿವಿ, ಮಾಸ್ಟಾಯ್ಡ್ ಸೋಂಕು ತರುತ್ತಿದ್ದದ್ದು 'ಎ' ಗುಂಪು. ಅದೇ ಸಂಸ್ಥೆಯಲ್ಲಿ ಮಾರ್ಗರೆಟ್ ಪಿಟ್‌ಮನ್ 1931ರಲ್ಲಿ ಹೀಮೊಫಿಲಸ್‌ನಲ್ಲಿ ಕವಚ ಇರುವುದು, ಇಲ್ಲದ್ದು ಎಂದು ಎರಡು ಬಗೆ ಇವೆಯೆಂದೂ, ಕವಚ ಇರುವುದರಲ್ಲಿ ಆರು ವಿಧವೆಂದೂ, ಮಕ್ಕಳ ಮೆದುಳಿಗೆ ದಾಳಿ ಮಾಡುವುದು ಮುಖ್ಯವಾಗಿ 'ಬಿ' ಎಂದೂ ತೋರಿಸಿದರು. ಇಂದು ನಮ್ಮ ಮಕ್ಕಳಿಗೆ ಹಾಕಿಸುವ ಹಿಬ್ ಲಸಿಕೆಯ ಕೊನೆಯ ಅಕ್ಷರ ಅವರು ಗುರುತಿಸಿದ ಅದೇ 'ಬಿ'. ಕಿವಿ ಸೋಂಕು ತರುವುದು ಹೆಚ್ಚಾಗಿ ಕವಚವಿಲ್ಲದ ಬಗೆ. ಹಾಗಾಗಿ ಹಿಬ್ ಲಸಿಕೆ ಹಾಕಿಸಿದ ಮಗುವಿಗೂ ಹೀಮೊಫಿಲಸ್ ಕಿವಿನೋವು ಬರಬಹುದು.

ಪಟ್ಟಿ ಸಿದ್ಧವಾಯಿತು. ಪಟ್ಟಿಯಲ್ಲಿ ಇದ್ದವು 'ಸಾಮಾನ್ಯ', ಇಲ್ಲದವು 'ಅಪರೂಪ'. ಪಟ್ಟಿ ಬರೆದ ವಿಧಾನದಲ್ಲೇ ಒಂದು ಕೊರತೆ ಇತ್ತು. ಪ್ರಯೋಗಾಲಯದ ತಟ್ಟೆಯಲ್ಲಿ, ಸಾಮಾನ್ಯ ಗಾಳಿಯಲ್ಲಿ, ಒಂದೆರಡು ದಿನದಲ್ಲಿ ಬೆಳೆಯುವವು ಮಾತ್ರ ಅದರಲ್ಲಿ ಸುಲಭವಾಗಿ ಜಾಗ ಪಡೆಯುತ್ತಿದ್ದವು.

ಗಾಳಿ ಬೇಡದವು

ಆಮ್ಲಜನಕವಿಲ್ಲದೆಯೂ ಜೀವ ಇರಬಲ್ಲದು ಎಂದು ಪಾಶ್ಚರ್ 1861ರಲ್ಲೇ ತೋರಿಸಿದ್ದ. ಕೆಲವು ಬ್ಯಾಕ್ಟೀರಿಯಾಗಳಿಗಂತೂ ಗಾಳಿ ತಾಗಿದರೆ ಸಾವು. ಅಂಥವನ್ನು ಮನುಷ್ಯರ ಕೀವಿನಲ್ಲಿ ಹುಡುಕಲು ಹೊರಟವರು ಪ್ಯಾರಿಸ್ಸಿನ ಅಡ್ರಿಯನ್ ವೇಯೋಂ ಮತ್ತು ಸಂಗಡಿಗರು. ಅವರಲ್ಲೊಬ್ಬ ಎಡ್ವರ್ಡ್ ರಿಸ್ಟ್, 1898ರಲ್ಲಿ ತನ್ನ ವೈದ್ಯಕೀಯ ಪ್ರಬಂಧಕ್ಕೆ ಕಿವಿಯಿಂದ ಹುಟ್ಟುವ ಸೋಂಕುಗಳನ್ನೇ ಆರಿಸಿಕೊಂಡ. ಗಾಳಿ ತಾಗದಂತೆ ಬೆಳೆಸಿ ನೋಡಿದಾಗ, ಕಿವಿಯ ಕೀವಿನಲ್ಲಿ ಯಾರೂ ಎಣಿಸದ ಬ್ಯಾಕ್ಟೀರಿಯಾಗಳು ಸಿಕ್ಕವು. ದುರ್ವಾಸನೆಯ ಕೀವಿನ ಹಿಂದೆ ಇವುಗಳ ಕೈವಾಡವಿತ್ತು. ಸುಶ್ರುತನ ಪೂತಿಕರ್ಣಕ್ಕೆ ಒಂದು ವಿವರಣೆ ಸಿಕ್ಕಂತಾಯಿತು.

ಈ ಬಳಗದಲ್ಲಿ ಅತಿ ಕ್ರೂರವಾದದ್ದು ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಂ. ನೆಕ್ರೊ ಎಂದರೆ ಸತ್ತ ಅಂಗಾಂಶ. ಹೆಸರೇ ಅದರ ಗುಣವನ್ನು ಹೇಳುತ್ತದೆ. 1936ರಲ್ಲಿ ಫ್ರೆಂಚ್ ವೈದ್ಯ ಆಂದ್ರೆ ಲೆಮಿಯೇರ್ ಇಂಥ ಸೋಂಕು ರಕ್ತಕ್ಕೆ ಸೇರಿದ 20 ರೋಗಿಗಳ ವಿವರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಅವರಲ್ಲಿ 18 ಮಂದಿ ಸತ್ತಿದ್ದರು. ಹೆಚ್ಚಿನವರಲ್ಲಿ ಗಂಟಲಿನಿಂದ ಶುರುವಾಗಿ ಕತ್ತಿನ ಅಭಿಧಮನಿ ಹೆಪ್ಪುಗಟ್ಟಿ ಹರಡಿತ್ತು. ಕಿವಿ ಮತ್ತು ಮಾಸ್ಟಾಯ್ಡ್‌ನಿಂದಲೂ ಇದು ಹೊರಡಬಹುದು ಎಂದು ಅವನು ಗುರುತಿಸಿದ್ದ.

ಅಷ್ಟರಲ್ಲಿ ಔಷಧಗಳ ಯುಗ ಬಂತು. ಗೆರ್‌ಹಾರ್ಡ್ ಡೊಮಾಕ್ 1935ರಲ್ಲಿ ಪ್ರೊಂಟೊಸಿಲ್ ಎಂಬ ಸಲ್ಫಾ ಔಷಧವನ್ನು ಪ್ರಕಟಿಸಿದ. ತನ್ನ ಪುಟ್ಟ ಮಗಳ ಕೈಗೆ ಸೂಜಿ ಚುಚ್ಚಿ ಸೋಂಕು ಏರಿದಾಗ ಅದೇ ಔಷಧ ಕೊಟ್ಟು ಅವಳನ್ನು ಉಳಿಸಿಕೊಂಡಿದ್ದ. 1940ರ ದಶಕದಲ್ಲಿ ಪೆನ್ಸಿಲಿನ್ ಬಂತು. ಅದಕ್ಕೂ ಮುಂಚೆ ಮಕ್ಕಳ ಆಸ್ಪತ್ರೆಗಳಲ್ಲಿ ಮಾಸ್ಟಾಯ್ಡ್ ಶಸ್ತ್ರಚಿಕಿತ್ಸೆ ದಿನನಿತ್ಯದ ಮಾತಾಗಿತ್ತು. ಕಿವಿಯ ಹಿಂದೆ ಗುಳಿಬಿದ್ದ ಗಾಯದ ಕಲೆ ಹೊತ್ತ ಒಂದು ತಲೆಮಾರೇ ಇತ್ತು. ಔಷಧಗಳ ನಂತರ ಅದು ಅಪರೂಪವಾಯಿತು. ಲೆಮಿಯೇರ್ ವರ್ಣಿಸಿದ ಕಾಯಿಲೆಗಂತೂ 'ಮರೆತುಹೋದ ರೋಗ' ಎಂಬ ಅಡ್ಡಹೆಸರೇ ಬಂತು. ರೋಗ ಕಡಿಮೆಯಾದದ್ದು ಒಳ್ಳೆಯದೇ. ಅದರ ಜೊತೆ, ಗಾಳಿಯಿಲ್ಲದ ತಟ್ಟೆಯಲ್ಲಿ ಹುಡುಕುವ ಅಭ್ಯಾಸವೂ ಎಷ್ಟೋ ಕಡೆ ಕಡಿಮೆಯಾಯಿತು.

ಇಂಥ ಬ್ಯಾಕ್ಟೀರಿಯಾಗಳಿಗೆ ಮದ್ದು ಸಿಕ್ಕ ಕಥೆಯಲ್ಲಿ ಒಬ್ಬ ಮಹಿಳಾ ರೋಗಿಯ ಪಾಲಿದೆ. ಯೋನಿಯ ಟ್ರೈಕೊಮೊನಸ್ ಸೋಂಕಿಗೆ ಮೆಟ್ರೊನಿಡಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಆಕೆಗೆ ವಸಡಿನ ಹುಣ್ಣೂ ಇತ್ತು. ಮಾತ್ರೆ ಮುಗಿಯುವಷ್ಟರಲ್ಲಿ ಎರಡೂ ವಾಸಿಯಾಗಿದ್ದವು. ಬ್ರಿಟನ್ನಿನ ದಂತವೈದ್ಯ ಶಿನ್ 1962ರಲ್ಲಿ ಇದನ್ನು ವರದಿ ಮಾಡಿದ. ವಸಡಿನ ಆ ಹುಣ್ಣಿನಲ್ಲಿ ಇರುವುದು ಫ್ಯೂಸೊಬ್ಯಾಕ್ಟೀರಿಯಂ ಬಳಗವೇ. ಹೀಗೆ ನಾವು ಬೇಧಿಗೆ ನುಂಗುವ ಮೆಟ್ರೊಜಿಲ್, ಗಾಳಿ ಬೇಡದ ಬ್ಯಾಕ್ಟೀರಿಯಾಗಳ ಮದ್ದೂ ಆಯಿತು.

ಕಳೆದ ಎರಡು ದಶಕಗಳಲ್ಲಿ ಇಸ್ರೇಲ್, ಯುರೋಪು, ಅಮೆರಿಕದ ಆಸ್ಪತ್ರೆಗಳಿಂದ ಪುಟ್ಟ ಮಕ್ಕಳ ಮಾಸ್ಟಾಯ್ಡ್‌ನಲ್ಲಿ ಈ ಫ್ಯೂಸೊಬ್ಯಾಕ್ಟೀರಿಯಂ ಸಿಕ್ಕ ವರದಿಗಳು ಮತ್ತೆ ಮತ್ತೆ ಬರುತ್ತಿವೆ. ಸಿಕ್ಕಾಗ ಕಾಯಿಲೆ ಜೋರಾಗಿಯೇ ಇರುತ್ತದೆ: ಮೂಳೆಯ ಸುತ್ತ ಕೀವು, ಅಭಿಧಮನಿಯಲ್ಲಿ ಹೆಪ್ಪು. ರೋಗವೇ ಹೆಚ್ಚಾಯಿತೋ, ಡಿಎನ್‌ಎ ಪರೀಕ್ಷೆಗಳಿಂದ ಗುರುತಿಸುವುದು ಹೆಚ್ಚಾಯಿತೋ ಎಂಬ ಚರ್ಚೆ ವೈದ್ಯರಲ್ಲಿ ಇದ್ದೇ ಇದೆ.

ನೋವಿಲ್ಲದೆ ಸೋರುವ ಕಿವಿ

ಗಾಳಿ ಬೇಡದ್ದು ಒಂದು ಬಗೆಯಾದರೆ, ನಿಧಾನವಾಗಿ ಬೆಳೆಯುವುದು ಇನ್ನೊಂದು. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಕ್ಷಯದ ಬ್ಯಾಕ್ಟೀರಿಯಾವನ್ನು ಲೋಕಕ್ಕೆ ತೋರಿಸಿದ. ಕ್ಷಯ ಎಂದರೆ ನಮಗೆ ಕೆಮ್ಮು, ಶ್ವಾಸಕೋಶ. ಅದು ಕಿವಿಗೂ ಬರುತ್ತದೆ. 20ನೆಯ ಶತಮಾನದ ಆರಂಭದ ಬ್ರಿಟನ್ನಿನಲ್ಲಿ ಎಳೆಯ ಮಕ್ಕಳ ಮಧ್ಯಕಿವಿಯ ಕ್ಷಯ ಒಂದು ದೊಡ್ಡ ಚಿಂತೆಯಾಗಿತ್ತು. ಎಡಿನ್‌ಬರೋದ ಲೋಗನ್ ಟರ್ನರ್ ಮತ್ತು ಫ್ರೇಸರ್ 1915ರಲ್ಲಿ ಅದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಕ್ಷಯವಿದ್ದ ಹಸುವಿನ ಕಾಯಿಸದ ಹಾಲು ಮಕ್ಕಳಿಗೆ ಈ ರೋಗ ತಲುಪುವ ಒಂದು ಮುಖ್ಯ ದಾರಿಯಾಗಿತ್ತು. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲುತ್ತಿದ್ದ ನಮ್ಮ ಅಜ್ಜಿಯರು, ಹೆಸರು ಗೊತ್ತಿಲ್ಲದ ಎಷ್ಟು ಶತ್ರುಗಳನ್ನು ದಿನವೂ ಕೊಂದರೋ!

ಕಿವಿಯ ಕ್ಷಯದ ಲಕ್ಷಣಗಳೇ ವಿಚಿತ್ರ. ನೋವು ಕಡಿಮೆ, ಸೋರುವುದು ನಿಲ್ಲುವುದಿಲ್ಲ. ತಮಟೆಯಲ್ಲಿ ಒಂದರ ಬದಲು ಹಲವು ತೂತುಗಳು ಇರಬಹುದು. ಮಾಮೂಲಿ ಆಂಟಿಬಯಾಟಿಕ್ಕಿಗೆ ಜಗ್ಗುವುದಿಲ್ಲ. ಕೇಳಿಸುವುದು ಬೇಗ ಕುಗ್ಗುತ್ತದೆ, ಕೆಲವೊಮ್ಮೆ ಮುಖದ ಒಂದು ಭಾಗ ಸೊಟ್ಟಗಾಗುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇರುವಾಗ, ವಾರಗಟ್ಟಲೆ ಸೋರುವ ಕಿವಿಯ ಕೀವನ್ನು ಕ್ಷಯಕ್ಕಾಗಿ ಪರೀಕ್ಷಿಸುವುದನ್ನು ಇಲ್ಲಿ ಮರೆಯುವಂತಿಲ್ಲ. ಮಾಮೂಲಿ ಕಲ್ಚರ್‌ನಲ್ಲಿ ಅದು ಎಂದೂ ಕಾಣಿಸುವುದಿಲ್ಲ. ವಾರಗಟ್ಟಲೆ ಕಾಯುವ ಕಲ್ಚರೋ, ಸರ್ಕಾರದ ಕ್ಷಯ ಕಾರ್ಯಕ್ರಮದಲ್ಲಿ ಉಚಿತವಾಗಿ ಮಾಡುವ ಸಿಬಿನ್ಯಾಟ್‌ನಂಥ ಪರೀಕ್ಷೆಯೋ ಬೇಕು.

ಕ್ಷಯದ ಮೊದಲ ಪರಿಣಾಮಕಾರಿ ಆಂಟಿಬಯಾಟಿಕ್ ಸ್ಟ್ರೆಪ್ಟೊಮೈಸಿನ್. ಅದನ್ನು ಲೋಕಕ್ಕೆ ತಿಳಿಸಿದ 1944ರ ಲೇಖನಕ್ಕೆ ಮೂವರು ಲೇಖಕರು: ಆಲ್ಬರ್ಟ್ ಶಾಟ್ಸ್, ಎಲಿಜಬೆತ್ ಬೂಗಿ, ಸೆಲ್ಮನ್ ವಾಕ್ಸ್‌ಮನ್. ಪೇಟೆಂಟಿನಲ್ಲಿ ಬೂಗಿಯ ಹೆಸರು ಇರಲಿಲ್ಲ. 1952ರ ನೊಬೆಲ್ ವಾಕ್ಸ್‌ಮನ್ ಒಬ್ಬನಿಗೇ ಹೋಯಿತು. ಹುಡುಕದಿದ್ದರೆ ಸಿಗದಿರುವುದು ಸೂಕ್ಷ್ಮಾಣುಗಳಷ್ಟೇ ಅಲ್ಲ ನೋಡಿ. ಇನ್ನೊಂದು ಕಹಿ ಸತ್ಯವೂ ಇದೆ: ಕ್ಷಯದಿಂದ ಜೀವ ಉಳಿಸಿದ ಆ ಔಷಧವೇ ಕೆಲವರ ಒಳಕಿವಿಯನ್ನು ಕೆಡಿಸಿ ಕಿವುಡು ತಂದಿತು. ಇಂದು ಕ್ಷಯದ ಮೊದಲ ಹಂತದ ಚಿಕಿತ್ಸೆ ಬಾಯಿಂದ ತೆಗೆದುಕೊಳ್ಳುವ ಮಾತ್ರೆಗಳಲ್ಲೇ ಆಗುತ್ತದೆ.

ನಿರುಪದ್ರವಿ ಎನಿಸಿಕೊಂಡಿದ್ದವು

ಮೂರನೆಯ ಬಗೆ ಇನ್ನೂ ಕುತೂಹಲಕರ. ಇವು ಕಣ್ಣಿಗೆ ಬೀಳುತ್ತಿದ್ದವು, ಆದರೆ ಯಾರೂ ತಪ್ಪಿತಸ್ಥರೆಂದು ಭಾವಿಸಿರಲಿಲ್ಲ. ಮೊರಾಕ್ಸೆಲ್ಲಾ ಕ್ಯಾಟರಾಲಿಸ್ ಎಂಬ ಬ್ಯಾಕ್ಟೀರಿಯಾ 19ನೆಯ ಶತಮಾನದ ಕೊನೆಯಿಂದಲೇ ಪರಿಚಿತ. ಮೂಗು ಗಂಟಲಿನ ಸಾಧು ನಿವಾಸಿ ಎಂದು ಅದನ್ನು ಬಹುಕಾಲ ಅಲಕ್ಷಿಸಿದರು. 1970ರಲ್ಲಿ ಅದಕ್ಕೆ ಬ್ರಾನ್‌ಹಮೆಲ್ಲಾ ಎಂಬ ಹೆಸರಿಟ್ಟರು. ಅಮೆರಿಕದ ಬ್ಯಾಕ್ಟೀರಿಯಾ ತಜ್ಞೆ ಸಾರಾ ಬ್ರಾನ್‌ಹಮ್ ಅವರ ಗೌರವಾರ್ಥ ಇಟ್ಟ ಹೆಸರದು. ಮುಂದಿನ ಎರಡು ದಶಕಗಳಲ್ಲಿ ಮಕ್ಕಳ ಮಧ್ಯಕಿವಿಯಿಂದ ಸೂಜಿಯಲ್ಲಿ ತೆಗೆದ ದ್ರವದಲ್ಲಿ ಅದು ಮತ್ತೆ ಮತ್ತೆ ಸಿಕ್ಕಿತು. ಇಂದು ಕಿವಿ ಸೋಂಕಿನ ಮೂರು ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಅದೂ ಒಂದು. ನಿನ್ನೆಯ ಅಪರೂಪ ಇಂದಿನ ಸಾಮಾನ್ಯವಾಯಿತು. ಅಷ್ಟರಲ್ಲಿ ಅದರ ಹೆಚ್ಚಿನ ತಳಿಗಳು ಅಮಾಕ್ಸಿಸಿಲಿನ್ ಅನ್ನು ಒಡೆದುಹಾಕುವ ವಿದ್ಯೆಯನ್ನೂ ಕಲಿತಿದ್ದವು.

1989ರಲ್ಲಿ ಅಮೆರಿಕದ ಬಫಲೊ ನಗರದಲ್ಲಿ ಫೇಡನ್ ಮತ್ತು ಡ್ರೈಜಾ, ಮಕ್ಕಳ ಮಧ್ಯಕಿವಿಯ ದ್ರವವನ್ನು ಎರಡೇ ದಿನಕ್ಕೆ ಎಸೆಯದೆ ಹೆಚ್ಚು ದಿನ ಇಟ್ಟು ಕಾದರು. ಹೊಸದೊಂದು ಬ್ಯಾಕ್ಟೀರಿಯಾ ಮೊಳೆಯಿತು. ಅದೇ ಮುಂದೆ ಅಲಾಯೊಕಾಕಸ್ ಎನಿಸಿತು. 1994ರಲ್ಲಿ ಜ್ಯೂರಿಕ್‌ನ ತಂಡವೊಂದು ಕಿವಿಯಿಂದ ದೊರೆತ ಇನ್ನೊಂದಕ್ಕೆ, ತಮ್ಮ ಊರಿನ ಲ್ಯಾಟಿನ್ ಹೆಸರಿನಿಂದ, ಟುರಿಸೆಲ್ಲಾ ಎಂದು ಹೆಸರಿಟ್ಟಿತು. ಇವೆರಡೂ ನಿಜವಾಗಿ ರೋಗ ತರುತ್ತವೋ, ಸುಮ್ಮನೆ ಕಿವಿಯಲ್ಲಿ ಮನೆ ಮಾಡಿಕೊಂಡಿವೆಯೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಹಾಗಾಗಿ ಸಿಕ್ಕಿದ್ದೆಲ್ಲವನ್ನೂ ಅಪರಾಧಿ ಎನ್ನುವುದೂ ತಪ್ಪೇ. ಕೀವು ಎಲ್ಲಿಂದ ತೆಗೆದದ್ದು, ಹೊರಕಿವಿಯದೋ ಮೂಳೆಯೊಳಗಿನದೋ ಎಂಬುದರ ಮೇಲೆ ತೀರ್ಪು ನಿಂತಿದೆ.

ಲಸಿಕೆ ಬಂದ ಮೇಲೆ

2000ದಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ನ್ಯೂಮೊಕಾಕಸ್ ಲಸಿಕೆ ಬಂತು. ಈ ಬ್ಯಾಕ್ಟೀರಿಯಾದಲ್ಲಿ 90ಕ್ಕೂ ಹೆಚ್ಚು ವಿಧಗಳಿವೆ. ಲಸಿಕೆಯಲ್ಲಿ ಇದ್ದದ್ದು 7. ಗಂಭೀರ ಸೋಂಕುಗಳು ಇಳಿದವು. ಖಾಲಿಯಾದ ಜಾಗಕ್ಕೆ, ಲಸಿಕೆಯಲ್ಲಿ ಇಲ್ಲದ 19ಎ ಎಂಬ ವಿಧ ನುಗ್ಗಿತು. ಮಕ್ಕಳ ಮಾಸ್ಟಾಯ್ಡ್ ಸೋಂಕಿನಲ್ಲಿ ಅದು ಎದ್ದು ಕಾಣತೊಡಗಿತು, ಔಷಧಗಳಿಗೂ ಅಷ್ಟಾಗಿ ಬಗ್ಗಲಿಲ್ಲ. 2010ರಲ್ಲಿ ಬಂದ 13 ವಿಧಗಳ ಲಸಿಕೆಯಲ್ಲಿ 19ಎ ಸೇರಿಸಿದರು.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 6 ವಾರ, 14 ವಾರ, 9 ತಿಂಗಳಿಗೆ ಮೂರು ಡೋಸು, ಉಚಿತ. ನಮ್ಮ ಪುಣೆಯ ಸೀರಂ ಸಂಸ್ಥೆ ತಯಾರಿಸಿದ ನ್ಯೂಮೊಸಿಲ್‌ನಲ್ಲಿ 10 ವಿಧಗಳಿವೆ, 19ಎ ಕೂಡ ಅದರಲ್ಲಿದೆ. ಸಾಮಾನ್ಯ ಶತ್ರು ಹಿಂದೆ ಸರಿದಂತೆ ಉಳಿದವರ ಪಾಲು ಎದ್ದು ಕಾಣುವುದು ಸಹಜ. ಅದು ಲಸಿಕೆಯ ಸೋಲಲ್ಲ. ಪಟ್ಟಿಯನ್ನು ಆಗಾಗ ಹೊಸದಾಗಿ ಬರೆಯಬೇಕೆಂಬ ಸೂಚನೆ ಅಷ್ಟೇ.

ನಮ್ಮ ಕೈಯಲ್ಲಿರುವುದು

ಈ ಇತಿಹಾಸ ಓದಿದ ಮೇಲೆ ನಾನು ಬದಲಾಯಿಸಿಕೊಂಡ ಕೆಲವು ಸಂಗತಿಗಳನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತೇನೆ. ಉಳಿದ ಆಂಟಿಬಯಾಟಿಕ್ ಸಿರಪ್ಪನ್ನು ಈಗ ಫ್ರಿಜ್ಜಿನಲ್ಲಿ ಇಡುವುದಿಲ್ಲ. ಅರೆಬರೆ ಔಷಧ ಸೂಕ್ಷ್ಮಾಣುವನ್ನು ಪೂರ್ತಿ ಕೊಲ್ಲದೆ, ಪರೀಕ್ಷೆಯಲ್ಲಿ ಮಾತ್ರ ಅದನ್ನು ಮರೆಮಾಡಿಬಿಡಬಹುದು. ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಎದೆಹಾಲು ಯಾವುದನ್ನೂ ಹಾಕಬಾರದು. ತಮಟೆ ತೂತಾಗಿದ್ದರೆ ಅದು ನೇರ ಒಳಗೇ ಹೋಗುತ್ತದೆ. ಮಗುವನ್ನು ಮಲಗಿಸಿ ಬಾಟಲಿ ಹಾಲು ಕುಡಿಸುವುದನ್ನೂ ಮನೆಯೊಳಗಿನ ಸಿಗರೇಟ್ ಹೊಗೆಯನ್ನೂ ತಪ್ಪಿಸಿದರೆ ಕಿವಿಗೆ ಒಳ್ಳೆಯದು.

ಕಿವಿಯ ಹಿಂದೆ ಕೆಂಪು ಊತ, ಮುಂದಕ್ಕೆ ಬಾಗಿದ ಕಿವಿ, ಇಳಿಯದ ಜ್ವರ, ವಾಂತಿ, ಮಂಪರು, ಸೊಟ್ಟಗಾದ ಮುಖ, ಬಿಗಿಯಾದ ಕತ್ತು, ಇವುಗಳಲ್ಲಿ ಯಾವುದು ಕಂಡರೂ ಶನಿವಾರದ ತನಕ ಕಾಯಬೇಡಿ. ಎರಡು ವಾರ ದಾಟಿಯೂ ಕಿವಿ ಸೋರುತ್ತಿದ್ದರೆ, ನೋವಿಲ್ಲದಿದ್ದರೂ, ತಜ್ಞರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿದ್ದರೆ ಸಂಕೋಚಪಡದೆ ಹೇಳಿ. ಔಷಧ ಶುರುಮಾಡುವ ಮುಂಚೆ ಕೀವನ್ನು ಪರೀಕ್ಷೆಗೆ ಕಳಿಸಬೇಕೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ವರದಿ ಖಾಲಿ ಬಂದು ಮಗು ಗುಣವಾಗದಿದ್ದರೆ, ಬೇರೆ ಏನನ್ನು ಹುಡುಕಬಹುದು ಎಂದು ಕೇಳುವುದೂ ಅಲ್ಲ.

ನಮ್ಮ ಡಾಕ್ಟರಮ್ಮ ಹಾಗೆ ಹುಡುಕಿದರು. ಸ್ಕ್ಯಾನ್‌ನಲ್ಲಿ ಮೂಳೆಯ ಮೇಲೆ ಕೀವು ಕಂಡದ್ದರಿಂದ ಶಸ್ತ್ರಚಿಕಿತ್ಸೆ ಮಾಡಿ, ಒಳಗಿನ ಕೀವನ್ನು ಸಿರಿಂಜಿನಲ್ಲೇ ಎಳೆದು, ಗಾಳಿ ತಾಗದ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದರು. ಐದನೆಯ ದಿನ ಫೋನು ಬಂತು: ಫ್ಯೂಸೊಬ್ಯಾಕ್ಟೀರಿಯಂ. ಔಷಧಕ್ಕೆ ಮೆಟ್ರೊನಿಡಜೋಲ್ ಸೇರಿತು. ಆರು ವಾರ ಚಿಕಿತ್ಸೆ ನಡೆಯಿತು. ಈಗ ಮಗಳಿಗೆ ಮೂರೂವರೆ ವರ್ಷ. ಎರಡೂ ಕಿವಿ ಚೆನ್ನಾಗಿ ಕೇಳಿಸುತ್ತದೆ, ಅಮ್ಮನ ಮಾತೊಂದನ್ನು ಬಿಟ್ಟು.

ಅವಳ ಫೈಲಿನಲ್ಲಿ ಆ ಎರಡೂ ವರದಿಗಳನ್ನು ಒಟ್ಟಿಗೆ ಇಟ್ಟಿದ್ದೇನೆ. ಏನೂ ಬೆಳೆದಿಲ್ಲ ಎಂದದ್ದು ಒಂದು, ಐದು ದಿನ ಕಾದು ಹೆಸರು ಹೇಳಿದ್ದು ಇನ್ನೊಂದು. ಎರಡೂ ಒಂದೇ ಕಿವಿಯ ಕೀವಿನವು, ನಡುವೆ ಮೂರೇ ದಿನದ ಅಂತರ.